ಇಟಲಿಯ ಸೆಂಟು, ಧಾರವಾಡದ ವಿಳಾಸ: ಒಂದು ಪ್ರಕರಣ

ಹುಬ್ಬಳ್ಳಿಯಲ್ಲಿ ಆಮದು-ರಫ್ತಿನ ಕಾಗದಪತ್ರ ಮಾಡಿಕೊಡುವುದು ನನ್ನ ಕೆಲಸ. ಹೆಚ್ಚಾಗಿ ಬ್ಯಾಡಗಿ ಮೆಣಸಿನಕಾಯಿ, ಆಗೊಮ್ಮೆ ಈಗೊಮ್ಮೆ ಯಂತ್ರದ ಬಿಡಿಭಾಗ. ಸೆಂಟಿನ ಬಾಟಲಿ ನನ್ನ ಟೇಬಲ್ಲಿಗೆ ಬರುವುದೇ ಅಪರೂಪ. ಈ ಪ್ರಕರಣ 2023ರಲ್ಲಿ ಪರಿಚಯದವರ ಮೂಲಕ ಬಂತು. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಿರಲಿ ಎಂದು ಕೆಲಸ, ನೆಂಟಸ್ತಿಕೆಗಳನ್ನು ಬದಲಿಸಿದ್ದೇನೆ, ಕಂಪನಿಗಳ ಹೆಸರು ಬಿಟ್ಟಿದ್ದೇನೆ. ಹಣದ ಅಂಕಿಗಳನ್ನು ದುಂಡಗೆ ಮಾಡಿದ್ದೇನೆ, ಆದರೆ ಲೆಕ್ಕ ಹಾಕಿದ ಕ್ರಮ ಇದ್ದದ್ದು ಇದ್ದಂತೆಯೇ ಇದೆ.

ಹಿನ್ನೆಲೆ

ಸೆಂಟು ತರಿಸಲು ಹೊರಟ ಮೇಡಂ ಧಾರವಾಡದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾರೆ. ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾರೆ. ಅಕ್ಕನ ಮಗ ಓದಲು ಇಂಗ್ಲೆಂಡಿಗೆ ಹೋಗಿದ್ದ. ಸುವಾಸನೆಯ ಹುಚ್ಚು ಅವರಿಗೆ ಮನೆಯಿಂದಲೇ ಬಂದದ್ದು. ಅವರ ಅಜ್ಜ ಅತ್ತರಿನ ಹತ್ತಿಯನ್ನು ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳದೆ ಸಂತೆಗೂ ಹೋಗುತ್ತಿರಲಿಲ್ಲವಂತೆ.

ಅವರಿಗೆ ಬೇಕಾಗಿದ್ದು ಮಾಲ್‌ನಲ್ಲಿ ಸಿಗುವ ಸೆಂಟಲ್ಲ. ಬಟ್ಟೆ, ಬ್ಯಾಗು ಮಾರುವ ದೊಡ್ಡ ಕಂಪನಿಗಳು ಪಕ್ಕದಲ್ಲಿ ಸೆಂಟನ್ನೂ ಮಾರುತ್ತವೆ. ಬರೀ ಪರಿಮಳವನ್ನೇ ಕಸುಬು ಮಾಡಿಕೊಂಡ ಸಣ್ಣ 'ಮನೆ'ಗಳು, ಅಂದರೆ ಸಣ್ಣ ಕಂಪನಿಗಳು, ಬೇರೆ. ಈ ವ್ಯಾಪಾರದಲ್ಲಿ ಅವನ್ನು 'ನಿಶ್' ಅನ್ನುತ್ತಾರೆ. ಪ್ಯಾರಿಸ್ಸಿನ ಲಾರ್ಟಿಸಾನ್ ಪರ್ಫ್ಯೂಮರ್ 1976ರಲ್ಲಿ, ಒಮಾನಿನ ಅಮುವಾಜ್ 1983ರಲ್ಲಿ ಹೀಗೆ ಶುರುವಾದವು. ಹೆಸರು ಮಾಡಿದ ಇಂಥ ಕೆಲವು ಮನೆಗಳ ಮಾಲು ಈಗ ನಮ್ಮ ದೊಡ್ಡ ಊರುಗಳಲ್ಲೂ ಸಿಗುತ್ತದೆ. ತೀರಾ ಸಣ್ಣವರದು ಸಿಗುವುದಿಲ್ಲ.

ಹುಡುಗ ರಜೆಗೆ ಬಂದಾಗ ಲಂಡನ್ನಿನ ಅಂಗಡಿಯಲ್ಲಿ ಕೊಟ್ಟ ಸ್ಯಾಂಪಲ್ ಶೀಶೆಯೊಂದನ್ನು ತಂದಿದ್ದ. ಇಟಲಿಯ ಒಂದು ಸಣ್ಣ ಮನೆಯದು, ಶ್ರೀಗಂಧ ಮತ್ತು ಹೊಗೆಯ ವಾಸನೆ. ಮೇಡಂ ಅದಕ್ಕೆ ಮನಸೋತರು. ಶ್ರೀಗಂಧದ ನಾಡಿನವರು ಶ್ರೀಗಂಧದ ಸೆಂಟನ್ನು ಇಟಲಿಯಿಂದ ತರಿಸುವುದು ವಿಚಿತ್ರ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಆದರೆ ಎಣ್ಣೆ ಇರುವುದು ಬೇರೆ, ಅದನ್ನು ಹತ್ತಾರು ಸಾಮಗ್ರಿಗಳ ಜೊತೆ ಹದ ಮಾಡಿ ಬಾಟಲಿಗೆ ತುಂಬುವುದು ಬೇರೆ. ಈಗೀಗ ಎಷ್ಟೋ ಮನೆಗಳು ಆಸ್ಟ್ರೇಲಿಯಾದಲ್ಲಿ ಬೆಳೆದ ಗಂಧವನ್ನೇ ಬಳಸುತ್ತವೆ ಬೇರೆ.

ಮೊದಲ ಪೊಟ್ಟಣ

ಹುಡುಗನ ಲೆಕ್ಕ ಸರಳವಾಗಿತ್ತು. ಲಂಡನ್ನಿನ ಅಂಗಡಿಯಿಂದ ತನ್ನ ರೂಮಿಗೆ ತರಿಸಿಕೊಳ್ಳುವುದು, ಅಲ್ಲಿಂದ ಅಂಚೆಯಲ್ಲಿ ಧಾರವಾಡಕ್ಕೆ ಕಳಿಸುವುದು. ಅಂಗಡಿಯವರು ಕಳಿಸಿದ ಬಾಟಲಿ ಅಂಚೆಯಲ್ಲೇ ಅವನ ಬಾಗಿಲಿಗೆ ಬಂತು. ಇಲ್ಲಿಗೆ ಬಂದದ್ದು ಅಲ್ಲಿಗೂ ಹೋಗುತ್ತದೆ ಅಂದುಕೊಂಡ.

ಅವನು ದಾರಿ ತಪ್ಪಿದ್ದು ಇಲ್ಲೇ. ಬ್ರಿಟನ್ನಿನ ಒಳಗೆ ಸೆಂಟನ್ನು ಅಂಚೆಯಲ್ಲಿ ಕಳಿಸಬಹುದು. ಬಾಟಲಿ 150 ಮಿ.ಲೀ. ಮೀರಬಾರದು, ಒಂದು ಪೊಟ್ಟಣದಲ್ಲಿ ನಾಲ್ಕಕ್ಕಿಂತ ಹೆಚ್ಚು ಇರಬಾರದು, ಹೊರಗೆ ಗುರುತಿನ ಚೀಟಿ ಇರಬೇಕು. ಹೊರದೇಶಕ್ಕೆ ಹೋಗುವ ಅಂಚೆಯಲ್ಲಿ ಮಾತ್ರ ಅದೇ ಬಾಟಲಿಗೆ ಪ್ರವೇಶವೇ ಇಲ್ಲ. ಅಂಗಡಿಯ ಡಬ್ಬಿಯ ಮೇಲೆ ವಜ್ರಾಕಾರದ ಒಂದು ಚೀಟಿ ಇತ್ತು. ಮೇಲಿನ, ಕೆಳಗಿನ ಮೂಲೆ ಕಪ್ಪು, ನಡುವೆ ಬಿಳಿ. ಹುಡುಗ ಹಳೆಯ ವಿಳಾಸದ ಜೊತೆ ಅದನ್ನೂ ಉಗುರಿನಿಂದ ಕೆರೆದು ಕಿತ್ತ. ಡಬ್ಬಿ ನೀಟಾಗಿ ಕಾಣಲಿ ಅಂತ, ಅಷ್ಟೇ. ಒಳಗೆ ಬೆಂಕಿ ಹತ್ತುವ ದ್ರವ ಇದೆ ಎಂದು ಹೇಳುವ ಒಂದೇ ಒಂದು ಗುರುತು ಅದಾಗಿತ್ತು.

ಕಸ್ಟಮ್ಸ್ ಚೀಟಿಯಲ್ಲಿ 'ಕಾಸ್ಮೆಟಿಕ್ಸ್, ಉಡುಗೊರೆ, 20 ಪೌಂಡ್' ಎಂದು ಬರೆದ. ಉಡುಗೊರೆ ಅಂದರೆ 5,000 ರೂಪಾಯಿವರೆಗೆ ಸುಂಕವಿಲ್ಲ ಎಂದು ಯಾರೋ ಹೇಳಿದ್ದರು. ಆ ವಿನಾಯಿತಿ ಹಿಂದೆ ಇದ್ದದ್ದು ನಿಜ. 2019ರ ಡಿಸೆಂಬರಿನಲ್ಲಿ ಅದನ್ನು ತೆಗೆದರು. ಆಮೇಲೆ ಉಳಿದದ್ದು ರಾಖಿ ಮತ್ತು ಜೀವರಕ್ಷಕ ಔಷಧಿಗೆ ಮಾತ್ರ. ಈಗಲೂ ನನ್ನ ಹತ್ತಿರ ಬರುವವರಲ್ಲಿ ಅರ್ಧ ಜನ ಆ ಹಳೆಯ 5,000ದ ಮಾತನ್ನೇ ಆಡುತ್ತಾರೆ.

ಪೊಟ್ಟಣ ಭಾರತ ಮುಟ್ಟಲೇ ಇಲ್ಲ. ಅಲ್ಲಿನ ವಿಂಗಡಣೆ ಕೇಂದ್ರದ ಹೆಸರು ತೋರಿಸುತ್ತ ಟ್ರ್ಯಾಕಿಂಗ್ ನಿಂತುಬಿಟ್ಟಿತು. ಕೊನೆಗೆ ಬಂದದ್ದು ಎರಡು ಸಾಲಿನ ಉತ್ತರ: ನಿಷೇಧಿತ ವಸ್ತು ಸಿಕ್ಕಿದೆ, ವಿಲೇವಾರಿ ಮಾಡಲಾಗಿದೆ. ನಿಷೇಧಿತ ವಸ್ತುವಿಗೆ ಪರಿಹಾರವೂ ಇರುವುದಿಲ್ಲ. ದಪ್ಪ ಗಾಜಿನೊಳಗಿನ ದ್ರವ ಎಕ್ಸ್-ರೇಯಲ್ಲಿ ಎದ್ದು ಕಾಣುತ್ತದೆ, ಚೀಟಿಯಲ್ಲಿ ಏನೇ ಬರೆದಿದ್ದರೂ.

ಬಾಟಲಿಯೂ ಹೋಯಿತು, ಟಪಾಲಿನ ದುಡ್ಡೂ ಹೋಯಿತು. ಆದರೂ ಆಗ ಮನೆಯಲ್ಲಿ ಎಲ್ಲರೂ ಅಂದುಕೊಂಡದ್ದು ನಸೀಬು ಕೆಟ್ಟಿತ್ತು ಅಂತ. ತಪ್ಪು ಎಲ್ಲಿ ಎಂದು ಯಾರೂ ಹುಡುಕಲಿಲ್ಲ. ಹಾಗಾಗಿ ಎರಡನೇ ಸಲವೂ ಅದೇ ಕಲ್ಲನ್ನು ಎಡವಿದರು.

ಆ ಎರಡನೆಯದು ಬೇಗ ಮುಗಿಯಿತು. ಅಮೆರಿಕದ ವಿಳಾಸ ಬಾಡಿಗೆಗೆ ಕೊಟ್ಟು, ಅಲ್ಲಿಗೆ ಬಂದ ಸಾಮಾನನ್ನು ಇಲ್ಲಿಗೆ ಕಳಿಸುವ ಸೇವೆಗಳಿವೆಯಲ್ಲ, ಅಂಥದ್ದೊಂದನ್ನು ಹಿಡಿದರು. ಬಾಟಲಿ ಅವರ ಗೋದಾಮಿಗೆ ಬಂದ ಮೇಲೆ 'ಇದು ಅಪಾಯಕಾರಿ ಸರಕು, ವಿಮಾನಕ್ಕೆ ಹಾಕುವುದಿಲ್ಲ, ವಾಪಸ್ ಕಳಿಸಿ ಅಥವಾ ಬಿಟ್ಟುಬಿಡಿ' ಎಂದರು. ಷರತ್ತುಗಳಲ್ಲಿ ಮೊದಲೇ ಬರೆದಿತ್ತು. ಅಂಗಡಿಗೆ ವಾಪಸ್ ಹೋಯಿತು, ಸಾಗಣೆಯ ಖರ್ಚು ಮೈಮೇಲೆ ಬಂತು.

ಬೆಂಕಿಯ ವಿಷಯ

ನನ್ನ ಹತ್ತಿರ ಬಂದಾಗ ಮೇಡಂ ಕೇಳಿದ್ದು ಒಂದೇ: "ಸರ್, ಕಸ್ಟಮ್ಸ್‌ನವರು ಬಿಡೋ ಹಂಗ ಹೆಂಗ ಬರಸಬೇಕ್ರೀ?"

ಎರಡು ಸಲವೂ ಸರಕು ನಮ್ಮ ಕಸ್ಟಮ್ಸ್‌ ಮುಖವನ್ನೇ ನೋಡಿರಲಿಲ್ಲ. ತೊಂದರೆ ಇದ್ದದ್ದು ವಿಮಾನದಲ್ಲಿ. ಸ್ಪ್ರೇ ಸೆಂಟಿನ ಬಹುಭಾಗ ಆಲ್ಕೊಹಾಲ್. ಶುದ್ಧ ಆಲ್ಕೊಹಾಲಿನ ಆವಿ 13 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕಿಡಿ ಸೋಕಿದರೆ ಹತ್ತಿಕೊಳ್ಳುತ್ತದೆ. ಅಂದರೆ ಹುಬ್ಬಳ್ಳಿಯ ಜನವರಿ ಚಳಿಯಲ್ಲೂ ಹತ್ತೀತು. ಅದಕ್ಕೇ ವಿಮಾನ ಸಾಗಣೆಯ ಪಟ್ಟಿಯಲ್ಲಿ ಸೆಂಟಿಗೆ ಯುಎನ್ 1266 ಎಂಬ ನಂಬರಿದೆ, ಅದು 3ನೇ ವರ್ಗದ ದಹನಶೀಲ ದ್ರವ. ಪೇಂಟ್, ಪೆಟ್ರೋಲ್ ಇರುವ ವರ್ಗವೇ.

ಹಾಗಂತ ದಾರಿಯೇ ಇಲ್ಲ ಎಂದಲ್ಲ. ಇದಕ್ಕೆ ಪರವಾನಗಿ, ತರಬೇತಿ ಪಡೆದ ಸಿಬ್ಬಂದಿ, ಕೊರಿಯರ್ ಜೊತೆ ಒಪ್ಪಂದ ಇರುವ ಅಂಗಡಿಗಳು ಸರಿಯಾಗಿ ಘೋಷಿಸಿ ಕಳಿಸುತ್ತವೆ. ಪ್ರಮಾಣ ಇಳಿದಂತೆ ನಿಯಮವೂ ಸಡಿಲವಾಗುತ್ತದೆ. ಒಂದೊಂದು ಬಾಟಲಿ 30 ಮಿ.ಲೀ. ಒಳಗಿದ್ದು, ಇಡೀ ಡಬ್ಬಿಯಲ್ಲಿ 500 ಮಿ.ಲೀ. ಮೀರದಿದ್ದರೆ ಹಗುರ ನಿಯಮಗಳಡಿ ಹೋಗಬಹುದು. ಒಂದೊಂದು ಶೀಶೆ 1 ಮಿ.ಲೀ. ಒಳಗಿದ್ದು, ಡಬ್ಬಿಯ ಒಟ್ಟು 100 ಮಿ.ಲೀ. ದಾಟದೆ, ಪ್ಯಾಕಿಂಗ್ ಸರಿಯಿದ್ದರೆ ಇನ್ನೂ ಸಲೀಸು. ಆಲ್ಕೊಹಾಲ್ ಇಲ್ಲದ ಎಣ್ಣೆ ಅತ್ತರು ಸಾಮಾನ್ಯವಾಗಿ ಈ ವರ್ಗಕ್ಕೇ ಬರುವುದಿಲ್ಲ. ಇಂಥ ಖರೀದಿಯಲ್ಲಿ ಪರಿಮಳದಷ್ಟೇ ಬಾಟಲಿಯ ಅಳತೆಯೂ ಮುಖ್ಯ ಎಂದು ನಾನು ಹೇಳಿದಾಗ ಮೇಡಂ ನಕ್ಕರು. 100 ಮಿ.ಲೀ.ಯೇ ಬೇಕು, ಅದರಲ್ಲೇ ದರ ಕಡಿಮೆ ಬೀಳುತ್ತದೆ ಎಂದರು. ಮಿಲಿಲೀಟರಿನ ಲೆಕ್ಕದಲ್ಲಿ ಅದು ಸರಿಯೇ.

ಮೂರನೇ ಸಲ: ಎರಡು ನಿರ್ಧಾರ

ಈ ಸಲ ಇಟಲಿಯ ಒಂದು ಅಂಗಡಿಗೇ ಪತ್ರ ಬರೆದರು. ಭಾರತಕ್ಕೆ ನೇರವಾಗಿ, ಅಪಾಯಕಾರಿ ಸರಕೆಂದು ಘೋಷಿಸಿಯೇ ಕೊರಿಯರ್ ಮಾಡುತ್ತೇವೆ ಎಂದು ಉತ್ತರ ಬಂತು. ಇನ್ನೊಂದು ಲಾಭವೂ ಇತ್ತು. ಸರಕು ಯುರೋಪಿನ ಹೊರಗೆ ಹೋಗುವುದರಿಂದ ಇಟಲಿಯ 22% ವ್ಯಾಟ್ ಬೀಳುವುದಿಲ್ಲ. 195 ಯೂರೋ ಬೆಲೆಯ ಬಾಟಲಿ 160ಕ್ಕೆ ಇಳಿಯಿತು. ಸಾಗಣೆ 45 ಯೂರೋ.

ಅಷ್ಟರಲ್ಲಿ ಸ್ಟಾಫ್ ರೂಮಿಗೆ ಸುದ್ದಿ ಹೋಗಿತ್ತು. "ಮೇಡಂ, ನಮಗೂ ಒಂದೊಂದು ತರಸ್ರೀ, ಸಾಗಣಿ ಖರ್ಚು ಹಂಚಕೊಳ್ಳೋಣು." ಆರು ಬಾಟಲಿಯ ಆರ್ಡರ್ ತಯಾರಾಯಿತು, ಆರೂ ಒಂದೇ ಸೆಂಟು. ದುಡ್ಡು ಕೂಡ ಮೇಡಂ ಫೋನಿಗೆ ಬರತೊಡಗಿತು.

ನನ್ನ ಮಟ್ಟಿಗೆ ಈ ಪ್ರಕರಣದ ಮೊದಲ ತಿರುವು ಇದು. ಒಬ್ಬರ ಹೆಸರಿಗೆ ಒಂದೇ ಬಗೆಯ ಆರು ಬಾಟಲಿ ಬಂದರೆ ಅಧಿಕಾರಿಗೆ ಸ್ವಂತ ಬಳಕೆ ಎಂದು ನಂಬಿಸುವುದು ಕಷ್ಟ. ದುಡ್ಡು ತೆಗೆದುಕೊಂಡು ಹಂಚುವುದು ಸ್ವಂತ ಬಳಕೆಯೂ ಅಲ್ಲ. ವ್ಯಾಪಾರ ಅಂತಾದರೆ ಆಮದುದಾರರ ಕೋಡ್ ಬೇಕು. ಸೆಂಟು ಕಾಸ್ಮೆಟಿಕ್ಸ್ ನಿಯಮಗಳು 2020ರ ಅಡಿ ಬರುವುದರಿಂದ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಆಮದು ನೋಂದಣಿಯೂ ಬೇಕು. ಸ್ಟಾಫ್ ರೂಮಿನ ಸ್ನೇಹಕ್ಕೆ ಇಷ್ಟೆಲ್ಲ ಯಾರು ಮಾಡುತ್ತಾರೆ? ಮೇಡಂ ಎಲ್ಲರ ದುಡ್ಡು ವಾಪಸ್ ಕಳಿಸಿದರು. ಒಬ್ಬರು ವಾರಗಟ್ಟಲೆ ಮುಖ ತಿರುಗಿಸಿಕೊಂಡು ಓಡಾಡಿದರಂತೆ.

ಎರಡನೇ ತಿರುವು ಅಂಗಡಿಯ ಕಡೆಯಿಂದಲೇ ಬಂತು. 'ಬೇಕಿದ್ದರೆ ಬಿಲ್ಲಿನಲ್ಲಿ 40 ಯೂರೋ ಎಂದು ಹಾಕುತ್ತೇವೆ, ಬಹಳ ಗಿರಾಕಿಗಳು ಹಾಗೇ ಕೇಳುತ್ತಾರೆ' ಎಂದು ಬರೆದರು. ಸಣ್ಣ ಅಂಗಡಿಯವರು ಇದನ್ನು ಉಪಕಾರ ಅಂದುಕೊಂಡೇ ಮಾಡುತ್ತಾರೆ. ಮೇಡಂಗೆ ಆಸೆಯಾದದ್ದು ಸಹಜ, ಎರಡು ಸಲ ದುಡ್ಡು ಕಳೆದುಕೊಂಡವರು ಅವರು.

ನಾನು ನೀತಿಪಾಠ ಹೇಳಲಿಲ್ಲ, ಲೆಕ್ಕ ಹೇಳಿದೆ. ಬಾಟಲಿಯ ಬೆಲೆ ಅಂಗಡಿಯ ವೆಬ್‌ಸೈಟಿನಲ್ಲಿ ಯಾರಿಗೂ ಕಾಣುತ್ತದೆ. ಅಧಿಕಾರಿ ಮೊದಲು ನೋಡುವುದೇ ಅಲ್ಲಿ. ಬಿಲ್ಲಿನ ಬೆಲೆ ನಂಬುವಂತಿಲ್ಲದಿದ್ದರೆ ಅದನ್ನು ತಳ್ಳಿಹಾಕುವ ಅಧಿಕಾರ ಅವರಿಗಿದೆ. ಸುಳ್ಳು ಘೋಷಣೆಯಾದರೆ ಕಸ್ಟಮ್ಸ್ ಕಾಯ್ದೆಯ 111(ಎಂ) ಕಲಮಿನಡಿ ಸರಕನ್ನೇ ಮುಟ್ಟುಗೋಲು ಹಾಕಿಕೊಳ್ಳಬಹುದು, ದಂಡ ಬೇರೆ. ಬಾಟಲಿ ಒಡೆದರೆ ವಿಮೆಯವರೂ ಆ 40 ಯೂರೋ ಮೇಲೆಯೇ ಮಾತಾಡುತ್ತಾರೆ. ಮೇಡಂ ಒಂದು ರಾತ್ರಿ ಯೋಚಿಸಿ, ನಿಜವಾದ ಬಿಲ್ಲೇ ಇರಲಿ ಎಂದು ಅಂಗಡಿಗೆ ಬರೆದರು.

ಆಮೇಲೆ ಕಾರ್ಡು ತಕರಾರು ಮಾಡಿತು. 2020ರಿಂದ ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ತಾನಾಗಿ ಚಾಲೂ ಇರುವುದಿಲ್ಲ, ಬ್ಯಾಂಕಿನ ಆ್ಯಪ್‌ಗೆ ಹೋಗಿ ಆನ್ ಮಾಡಬೇಕು. ಅದು ಸಣ್ಣ ಕೆಲಸ. ವಿನಿಮಯದ ಮೇಲೆ ಬ್ಯಾಂಕು ಹಾಕುವ ಶುಲ್ಕ, ಅದರ ಮೇಲಿನ ಜಿಎಸ್‌ಟಿ ಮಾತ್ರ ಎಷ್ಟೋ ಜನರ ಲೆಕ್ಕಕ್ಕೇ ಬರುವುದಿಲ್ಲ.

ಸುಂಕದ ಲೆಕ್ಕ

ಪೊಟ್ಟಣ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂದು ನಿಂತಿತು. ಕೊರಿಯರ್‌ನವರು ಗುರುತಿನ ದಾಖಲೆ, ಬಿಲ್ಲು, ದುಡ್ಡು ಕಟ್ಟಿದ ಪುರಾವೆ ಕೇಳಿದರು. ಮೂರೂ ಒಂದಕ್ಕೊಂದು ತಾಳೆಯಾಗುತ್ತಿದ್ದವು, ಅದೇ ದಿನ ಕಳಿಸಿದರು. ಬೇರೆ ಪ್ರಶ್ನೆ ಬರಲಿಲ್ಲ.

ಸುಂಕ ಹಾಕುವುದು ಬಾಟಲಿಯ ಬೆಲೆಯ ಮೇಲಷ್ಟೇ ಅಲ್ಲ. ಬೆಲೆ, ಸಾಗಣೆ, ವಿಮೆ ಮೂರನ್ನೂ ಕೂಡಿಸಿ. ಯೂರೋಗೆ 90 ರೂಪಾಯಿ ಹಿಡಿದರೆ 160 ಯೂರೋ ಅಂದರೆ 14,400. ಸಾಗಣೆಗೆ ನಿಜವಾಗಿ ಕೊಟ್ಟದ್ದು 4,050. ಆದರೆ ವಿಮಾನದಲ್ಲಿ ಬಂದ ಸರಕಿನ ಸಾಗಣೆಯನ್ನು ಬೆಲೆಯ 20% ಮೀರಿ ಹಿಡಿಯುವಂತಿಲ್ಲ, ಹಾಗಾಗಿ 2,880 ಮಾತ್ರ. ಬಹಳ ಜನಕ್ಕೆ ಈ ಮಿತಿ ಗೊತ್ತಿಲ್ಲ. ವಿಮೆಯ ಮೊತ್ತ ಬೇರೆ ತೋರಿಸದಿದ್ದರೆ 1.125%, ಅಂದರೆ 162. ಒಟ್ಟು 17,442.

ಸ್ವಂತ ಬಳಕೆಗೆ ಅಂಚೆ ಅಥವಾ ವಿಮಾನದಲ್ಲಿ ಬರುವ ಸರಕಿಗೆ ಸುಂಕದ ಪಟ್ಟಿಯಲ್ಲಿ 9804 ಎಂಬ ಪ್ರತ್ಯೇಕ ಶೀರ್ಷಿಕೆ ಇದೆ. 2023ರಲ್ಲಿ ಅದರಡಿ ಮೂಲ ಸುಂಕ 35%, ಆ ಸುಂಕದ ಮೇಲೆ 10% ಸಮಾಜ ಕಲ್ಯಾಣ ಸರ್ಚಾರ್ಜ್, ಇದೆಲ್ಲ ಸೇರಿದ ಮೊತ್ತದ ಮೇಲೆ 28% ಐಜಿಎಸ್‌ಟಿ, ಅಂದರೆ ಆಮದಿಗೆ ಬೀಳುವ ಜಿಎಸ್‌ಟಿ. ಒಟ್ಟು ಹೊರೆ 77.28%. ಮೇಡಂ ಕಟ್ಟಿದ್ದು 13,479 ರೂಪಾಯಿ, ಅದರ ಮೇಲೆ ಕೊರಿಯರ್‌ನವರ ಸೇವಾ ಶುಲ್ಕ. ಬಾಟಲಿ, ಸಾಗಣೆ, ಸುಂಕ ಕೂಡಿದರೆ 32,000ಕ್ಕೆ ಹತ್ತಿರ.

"ಸೆಂಟಿನ ವ್ಯಾಪಾರಿಗಳು ಇಷ್ಟು ಕಟ್ಟೂದಿಲ್ಲಂತಲ್ರೀ?" ಎಂದು ಮೇಡಂ ಕೇಳಿದರು. ಕಟ್ಟುವುದಿಲ್ಲ. ಸೆಂಟಿನ ಸ್ವಂತ ಶೀರ್ಷಿಕೆ 3303. ಆಗ ಅದರಡಿ ಮೂಲ ಸುಂಕ 20%, ಐಜಿಎಸ್‌ಟಿ 18%, ಎಲ್ಲ ಸೇರಿ 43.96%. ಆದರೆ ಆ ಬಾಗಿಲು ಕೋಡ್, ನೋಂದಣಿ ಇರುವ ವ್ಯಾಪಾರಿಗೆ. ಆಗ ಒಂದೇ ಒಂದು ಬಾಟಲಿ ತರಿಸುವವರಿಗೆ ಜಾಸ್ತಿ ತೆರಿಗೆ ಇತ್ತು, ಸಾವಿರ ಬಾಟಲಿ ತರಿಸುವವರಿಗೆ ಕಡಿಮೆ. ಅದು ನನಗೂ ಸರಿ ಕಾಣಲಿಲ್ಲ, ಆದರೆ ಕಾಗದ ಮಾಡುವವನ ಕೈಯಲ್ಲಿ ಅದನ್ನು ಬದಲಿಸುವುದು ಇಲ್ಲ. 2023ರ ನಂತರ ಬಜೆಟ್ಟುಗಳಲ್ಲಿ ಈ ದರಗಳು ಕದಲಿವೆ, ಇಲ್ಲಿನ ಅಂಕಿ ಹಿಡಿದು ಈಗಿನ ಆರ್ಡರ್ ಮಾಡಬೇಡಿ.

ಬಾಟಲಿ ಧಾರವಾಡ ಸೇರಿತು. ಡಬ್ಬಿಯ ಮೇಲೆ ಆ ವಜ್ರಾಕಾರದ ಚೀಟಿ ಹಾಗೇ ಇತ್ತು, ಪಕ್ಕದಲ್ಲಿ ನಂಬರು. ಮೇಡಂ ಮಣಿಕಟ್ಟಿಗೆ ಹಾಕಿಕೊಂಡು ತಾಯಿಯ ಮೂಗಿನ ಮುಂದೆ ಹಿಡಿದರು. ಅವರು ಕಣ್ಣು ಕಿರಿದು ಮಾಡಿ ಮೂಸಿ, "ಏನವ್ವಾ, ಇಷ್ಟು ರೊಕ್ಕಾ ಕೊಟ್ಟು ಗುಡಿ ವಾಸನಿ ತರಸೀಯೇನು?" ಅಂದರಂತೆ. ಗಂಧ, ಹೊಗೆ, ಸ್ವಲ್ಪ ಕರ್ಪೂರ. ನನ್ನ ಮೂಗಿಗೂ ಹಾಗೇ ಬಡಿಯಿತು, ಮೇಡಂ ಎದುರು ಹೇಳಲಿಲ್ಲ.

ಸೂಟ್‌ಕೇಸಿನ ದಾರಿ

ಡಿಸೆಂಬರಿನಲ್ಲಿ ಹುಡುಗ ಊರಿಗೆ ಬರುವುದಿತ್ತು. ಮೇಡಂ ಇನ್ನೆರಡು ಬಾಟಲಿಯ ಮೇಲೆ ಕಣ್ಣಿಟ್ಟಿದ್ದರು. ಈ ಸಲ 50 ಮಿ.ಲೀ.ಯವು, ಬೇರೆ ಬೇರೆ ಪರಿಮಳ. ಕೊರಿಯರಿಗೆ ಆತುರಪಡದೆ ಕಾಯೋಣ ಎಂದು ಅವರೇ ನಿರ್ಧರಿಸಿದರು. "ಮೌಶಿ, ನಿನ್ನ ಸೆಂಟಿನ ಸಲುವಾಗಿ ನನ್ನ ಸಾಮಾನು ಬಿಟ್ಟು ಬರಬೇಕೇನು?" ಎಂದು ಹುಡುಗ ರೇಗಿಸಿದ. ಹಾಗೇನೂ ಆಗಲಿಲ್ಲ.

ವಿಮಾನ ಪ್ರಯಾಣಿಕ ತನ್ನ ಸಾಮಾನಿನಲ್ಲಿ ಸೆಂಟು ಒಯ್ಯಬಹುದು. ಒಂದು ಬಾಟಲಿ ಅರ್ಧ ಲೀಟರ್ ಮೀರಬಾರದು. ಸೆಂಟು, ಸ್ಪ್ರೇಯಂಥವೆಲ್ಲ ಸೇರಿ ಎರಡು ಲೀಟರ್ ಮೀರಬಾರದು. ಕೈಚೀಲದಲ್ಲಾದರೆ ಆಗ 100 ಮಿ.ಲೀ. ಮಿತಿ ಇತ್ತು. ಅಂಚೆ ಮುಟ್ಟದ ಬಾಟಲಿಯನ್ನೇ ಪ್ರಯಾಣಿಕ ಹೊತ್ತು ತರಬಹುದು. ವಿಚಿತ್ರ, ಅಲ್ವಾ? ಒಬ್ಬನ ಚೀಲದಲ್ಲಿ ಒಂದೆರಡು ಬಾಟಲಿ ಇರುವುದಕ್ಕೂ ಅಂಚೆಮೂಟೆಯಲ್ಲಿ ಗುರುತಿಲ್ಲದೆ ಎಷ್ಟೋ ಬಾಟಲಿ ಒಟ್ಟಾಗುವುದಕ್ಕೂ ಅಪಾಯದ ಲೆಕ್ಕ ಬೇರೆ.

ಸುಂಕದ ಕಡೆ, ಆಗ ಜಾರಿಯಲ್ಲಿದ್ದ 2016ರ ಬ್ಯಾಗೇಜ್ ನಿಯಮಗಳ ಪ್ರಕಾರ ಇಂಗ್ಲೆಂಡಿನಿಂದ ಬರುವ ಭಾರತೀಯನಿಗೆ 50,000 ರೂಪಾಯಿವರೆಗಿನ ಸಾಮಾನು ಸುಂಕವಿಲ್ಲದೆ ಬರುತ್ತಿತ್ತು. ಇಬ್ಬರು ಸೇರಿ ಬಂದರೆ ಒಬ್ಬರ ಮಿತಿಯನ್ನು ಇನ್ನೊಬ್ಬರಿಗೆ ಜೋಡಿಸುವಂತಿಲ್ಲ. ಎರಡು ಬಾಟಲಿಗೆ ಸುಮಾರು 20,000 ಆಗಿತ್ತು. ಅಲ್ಲಿನ 20% ವ್ಯಾಟ್ ಸೇರಿಯೇ. ಬ್ರಿಟನ್ 2021ರ ಜನವರಿಯಿಂದ ಪ್ರಯಾಣಿಕರಿಗೆ ವ್ಯಾಟ್ ವಾಪಸ್ ಕೊಡುವುದನ್ನು ನಿಲ್ಲಿಸಿದೆ. ಆದರೂ ನಮ್ಮ ಆಗಿನ 77% ಮುಂದೆ ಅವರ 20% ಎಷ್ಟರದು?

ಬಾಟಲಿ ಕಟ್ಟುವ ಕೆಲಸವನ್ನು ಹುಡುಗ ಈ ಸಲ ಶ್ರದ್ಧೆಯಿಂದ ಮಾಡಿದ. ಮುಚ್ಚಳದ ಸುತ್ತ ಟೇಪು, ಸ್ಪ್ರೇ ಒತ್ತದಂತೆ ಮೇಲೊಂದು ಗಟ್ಟಿ ಕಾಗದದ ತುಂಡು, ಆಮೇಲೆ ಜಿಪ್ ಚೀಲ, ಅದರ ಮೇಲೆ ಉಣ್ಣೆಯ ಕಾಲುಚೀಲ. ಸೂಟ್‌ಕೇಸಿನ ಅಂಚಿಗಲ್ಲ, ಬಟ್ಟೆಗಳ ನಡುವೆ ಇಟ್ಟ. ಬಿಲ್ಲು ಜೇಬಿನಲ್ಲಿ. ಬೆಂಗಳೂರಿನಲ್ಲಿ ಯಾರೂ ತಡೆಯಲಿಲ್ಲ. ಅಲ್ಲಿಂದ ಧಾರವಾಡಕ್ಕೆ ಆ ವರ್ಷವೇ ಶುರುವಾದ ವಂದೇ ಭಾರತ್ ರೈಲಿನಲ್ಲಿ ಬಂದ.

ಎರಡರಲ್ಲಿ ಒಂದು ಬಾಟಲಿ ಮೇಡಂಗೆ ಹಿಡಿಸಲಿಲ್ಲ. ಮೂಸದೆ, ಬರೀ ವಿಮರ್ಶೆ ಓದಿ ಆರಿಸಿದ್ದು ಅದು. ಆಸ್ಪತ್ರೆಯ ಡೆಟಾಲ್ ನೆನಪಾಗುತ್ತದೆ ಎನ್ನುತ್ತಾರೆ. ಅದು ಈಗ ಹುಡುಗನ ಬಳಿ ಇದೆ.

ಈ ಪ್ರಕರಣದಿಂದ ನಾನು ಎತ್ತಿಕೊಂಡದ್ದು

ಇಂಥ ಖರೀದಿಯಲ್ಲಿ ಜನ ಮೊದಲು ಬಾಟಲಿ ಆರಿಸುತ್ತಾರೆ, ಆಮೇಲೆ ಅಗ್ಗದ ಅಂಗಡಿ ಹುಡುಕುತ್ತಾರೆ, ದುಡ್ಡು ಕಟ್ಟಿದ ಮೇಲೆ ಹೇಗೆ ತರಿಸುವುದು ಎಂದು ಯೋಚಿಸುತ್ತಾರೆ. ಮೇಡಂ ಮೊದಲೆರಡು ಸಲ ಕಳೆದುಕೊಂಡದ್ದು ಈ ಕ್ರಮದಿಂದ. ಮೂರನೇ ಸಲ ದಾರಿಯನ್ನು ಮೊದಲು ಆರಿಸಿದರು, ದುಬಾರಿಯಾದರೂ ಸರಕು ಕೈಗೆ ಬಂತು. ನಾಲ್ಕನೇ ಸಲ ದಾರಿಗೆ ತಕ್ಕಂತೆ ಬಾಟಲಿಯ ಅಳತೆ, ಸಮಯ ಎರಡನ್ನೂ ಹೊಂದಿಸಿಕೊಂಡರು. ಆಗ ದುಡ್ಡೂ ಉಳಿಯಿತು.

ಇನ್ನೊಂದು ಮಾತು. ಹುಡುಗ ಕಿತ್ತ ಚೀಟಿ, ಅಂಗಡಿಯವರು ಹೇಳಿದ 40 ಯೂರೋ ಬಿಲ್ಲು, ಈ ಎರಡೂ ಒಂದೇ ಜಾತಿಯವು ಎಂದು ಮೊದಲು ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಬೆಲೆ ಮುಚ್ಚಿಟ್ಟರೆ ಹೋಗುವುದು ನಮ್ಮ ದುಡ್ಡು, ಸರ್ಕಾರದ ದುಡ್ಡು. ಒಳಗೇನಿದೆ ಎಂದು ಮುಚ್ಚಿಟ್ಟರೆ ಆ ವಿಮಾನದಲ್ಲಿ ಕೂತವರ ವಿಷಯ ಬರುತ್ತದೆ. ನನ್ನ ಹತ್ತಿರ ಬಂದು 'ಗಿಫ್ಟ್ ಅಂತ ಬರೆಸಲಾ' ಎಂದು ಕೇಳುವವರಿಗೆ ಕೂತು ತಿಳಿಸಿ ಹೇಳುತ್ತೇನೆ. 'ಸೆಂಟು ಅಂತ ಬರೆಯದಿದ್ದರೆ ಆಗಲ್ವಾ' ಎನ್ನುವವರ ಕೆಲಸ ಹಿಡಿಯುವುದಿಲ್ಲ.

ಮೇಡಂ ಹವ್ಯಾಸ ಬಿಟ್ಟಿಲ್ಲ. ಈಗ ಮೊದಲು ಸ್ಯಾಂಪಲ್ ಶೀಶೆಗಳನ್ನಷ್ಟೇ ತರಿಸುತ್ತಾರೆ. ಬಿಸಿಲಿನಲ್ಲಿ ಒಂದು ದಿನ, ಮಳೆಯಲ್ಲಿ ಒಂದು ದಿನ ಹಾಕಿ ನೋಡುತ್ತಾರೆ. ಹಿಡಿಸಿದರೆ ಅಂಗಡಿಗೆ ಬರೆದು ಕೇಳುತ್ತಾರೆ: ದಹನಶೀಲ ಸರಕೆಂದು ಘೋಷಿಸಿ ಕಳಿಸುತ್ತೀರಾ, 30 ಮಿ.ಲೀ. ಬಾಟಲಿ ಇದೆಯಾ, ಬಿಲ್ಲಿನಲ್ಲಿ ಪೂರ್ತಿ ಬೆಲೆ ಹಾಕುತ್ತೀರಾ. ಮೊನ್ನೆ ಫ್ರಾನ್ಸಿನ ಒಂದು ಸಣ್ಣ ಮನೆಯವರು, ನಾವು ಎಲ್ಲ ದೇಶಕ್ಕೂ ಮಾಮೂಲಿ ಅಂಚೆಯಲ್ಲೇ ಕಳಿಸುತ್ತೇವೆ, ಇದುವರೆಗೆ ಏನೂ ಆಗಿಲ್ಲ ಎಂದು ಉತ್ತರಿಸಿದರಂತೆ. ಮೇಡಂ ಆ ಆರ್ಡರ್ ಕೈಬಿಟ್ಟರು.